ಮೊದಲ ಹವಳದ ತೊಟ್ಟಿ: ಉಪಕರಣಗಳ ಲೆಕ್ಕ ಎಲ್ಲಿಂದ ಶುರುವಾಗಬೇಕು

ಮನೆಯಲ್ಲಿ ಕಡಲ ನೀರಿನ ಹವಳದ ತೊಟ್ಟಿ ಇಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆಗಳು ಎರಡು: ತೊಟ್ಟಿ ಎಷ್ಟು ದೊಡ್ಡದಿರಬೇಕು, ಲೈಟು ಯಾವುದು ಹಾಕಬೇಕು. ಅಂಗಡಿಯವರೂ ಈ ಎರಡಕ್ಕೇ ಮೊದಲು ಉತ್ತರ ಹೇಳುತ್ತಾರೆ, ಏಕೆಂದರೆ ಕಣ್ಣಿಗೆ ಬೀಳುವುದೂ ಜೇಬಿನಿಂದ ದುಡ್ಡು ಬಿಡಿಸುವುದೂ ಅವೇ. ಆದರೆ ಮೊದಲ ವರ್ಷದಲ್ಲೇ ಹಾಳಾದ ತೊಟ್ಟಿಗಳ ಕಥೆ ಕೇಳಿದರೆ ಅಲ್ಲಿ ಲೈಟಿನ ಪ್ರಸ್ತಾಪ ಅಪರೂಪ. ಬೇಸಿಗೆಯ ಒಂದು ಮಧ್ಯಾಹ್ನ, ರಾತ್ರಿ ಹೋದ ಕರೆಂಟು, ಊರಿಗೆ ಹೋಗಿದ್ದ ನಾಲ್ಕು ದಿನ, ಬೋರ್‌ವೆಲ್ ನೀರು, ಇವೇ ಮತ್ತೆ ಮತ್ತೆ ಬರುತ್ತವೆ. ಆದ್ದರಿಂದ ಉಪಕರಣಗಳ ಪಟ್ಟಿಯನ್ನು ಅಂಗಡಿಯಲ್ಲಿ ನಿಂತು ಬರೆಯುವುದಕ್ಕಿಂತ ಮನೆಯಲ್ಲಿ ಕುಳಿತು ಬರೆಯುವುದು ಮೇಲು. ಬೆಂಗಳೂರಿನ ಒಂದು ಫ್ಲ್ಯಾಟಿನ ಮೂರನೆಯ ಮಹಡಿಯಲ್ಲಿ 90 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ಗಾಜಿನ ತೊಟ್ಟಿಯನ್ನು ಇಡುತ್ತಿದ್ದೇವೆ ಎಂದು ಇಟ್ಟುಕೊಂಡು ಆ ಪಟ್ಟಿಯನ್ನು ಇಲ್ಲಿ ಕಟ್ಟುತ್ತಾ ಹೋಗೋಣ.

ಸಮುದ್ರದಲ್ಲಿ ಅಲೆ ನೀರನ್ನು ಕಲಕುತ್ತದೆ, ಗಾಳಿ ಅದರಲ್ಲಿ ಆಮ್ಲಜನಕವನ್ನು ಬೆರೆಸುತ್ತದೆ, ಕೊಳೆ ಎಲ್ಲೋ ಕೊಚ್ಚಿಹೋಗುತ್ತದೆ, ನೀರಿನ ಪ್ರಮಾಣ ಅಗಾಧವಾದ್ದರಿಂದ ಒಂದು ದಿನದ ಬಿಸಿಲಿಗೋ ಮಳೆಗೋ ಬಿಸಿಯೂ ಉಪ್ಪೂ ತಟ್ಟನೆ ಬದಲಾಗುವುದಿಲ್ಲ. ತೊಟ್ಟಿಗೆ ಜೋಡಿಸುವ ಒಂದೊಂದು ಯಂತ್ರವೂ ಈ ಕೆಲಸಗಳಲ್ಲಿ ಒಂದನ್ನು ಹೊತ್ತುಕೊಂಡ ಕೂಲಿಯಾಳು. ಯಾವ ಕೆಲಸ ನಮ್ಮ ಮನೆಯಲ್ಲಿ ತಾನಾಗಿ ನಡೆಯುತ್ತದೆ, ಯಾವುದಕ್ಕೆ ಆಳು ಬೇಕು ಎಂಬುದು ಊರಿಂದ ಊರಿಗೆ ಬೇರೆ. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬವರು ತಮ್ಮ ವಿಧಾನವನ್ನು ಬರೆದು ಪ್ರಕಟಿಸಿದಾಗ, ಅವರ ತೊಟ್ಟಿಗಳಲ್ಲಿ ಇದ್ದದ್ದು ಕಡಲಿನಿಂದ ತಂದ ಜೀವಂತ ಕಲ್ಲು (ಬ್ಯಾಕ್ಟೀರಿಯಾ ಮುಂತಾದ ಜೀವಿಗಳು ನೆಲೆಸಿದ ಕಲ್ಲು), ಕಡಲ ನೀರು, ಗಾಳಿಯ ಗುಳ್ಳೆ ಮತ್ತು ಬಿಸಿಲು ಮಾತ್ರ. ಕಡಲು ಪಕ್ಕದಲ್ಲೇ ಇದ್ದ ಊರಿನಲ್ಲಿ ಅಷ್ಟು ಸಾಕಾಯಿತು. ಸಮುದ್ರದಿಂದ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್ ದೂರ, 900 ಮೀಟರ್ ಎತ್ತರದಲ್ಲಿರುವ ಊರಿನಲ್ಲಿ ಸಾಕಾಗುವುದಿಲ್ಲ.

ಉಪಕರಣಕ್ಕಿಂತ ಮೊದಲು ಯಾವ ಜೀವಿಯನ್ನು ಸಾಕುತ್ತೇವೆ ಎಂಬುದು ತೀರ್ಮಾನವಾಗಬೇಕು, ಮತ್ತು ನಮ್ಮ ದೇಶದಲ್ಲಿ ಅದರ ಅರ್ಧವನ್ನು ಕಾನೂನೇ ತೀರ್ಮಾನಿಸಿದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಸೇರಿದವು. ಕಡಲಕುದುರೆಗೂ ಅದೇ ರಕ್ಷಣೆ ಇದೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಮುಳುಗಿ ನೋಡಿ ಬರುವ ಹವಳದ ತುಂಡನ್ನಾಗಲಿ ಹವಳ ಹತ್ತಿದ ಕಲ್ಲನ್ನಾಗಲಿ ಕಿತ್ತು ತರುವುದು ಅಪರಾಧ. ವಿದೇಶದಿಂದ ಬಂದದ್ದು ಎಂದು ಮಾರುವ ಗಟ್ಟಿ ಹವಳಗಳೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಮತ್ತು ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ಅಂಥ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕಾಗಿದೆ. ಕಾಗದಪತ್ರ ತೋರಿಸದ ಅಂಗಡಿಯಿಂದ ಇಂಥವನ್ನು ಕೊಳ್ಳಬಾರದು. ಹೀಗಾಗಿ ಹೊಸಬರು ಎಲುಬುಗೂಡಿಲ್ಲದ ಮೃದು ಹವಳಗಳಿಗೆ, ಅಂದರೆ ಮಶ್ರೂಮ್, ಲೆದರ್, ಜೋವಾಂಥಿಡ್‌ಗಳಿಗೆ ನಿಲ್ಲುವುದು ಸರಿ. ಮೀನಿನಲ್ಲಿ ಕ್ಲೌನ್ ಮೀನನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ತೊಟ್ಟಿಯಲ್ಲಿ ಮರಿ ಮಾಡಿಸಿದೆ. ಹಾಗೆ ಸಾಕಿ ಬೆಳೆಸಿದ ಮರಿ ಸಿಕ್ಕರೆ ಕಡಲಿನಿಂದ ಹಿಡಿದು ತಂದದ್ದು ಬೇಡ. ಕಾನೂನಿನ ಈ ಮಾತು ಉಪಕರಣದ ಲೇಖನದಲ್ಲಿ ಯಾಕೆ ಎಂದು ಕೇಳಬಹುದು. ಗಟ್ಟಿ ಹವಳ ಬೇಡ ಎಂದ ಕೂಡಲೇ ಲೈಟಿನ ಖರ್ಚು ಅರ್ಧಕ್ಕೆ ಇಳಿಯುತ್ತದೆ, ಕ್ಯಾಲ್ಸಿಯಂ ಹನಿಸುವ ಯಂತ್ರ ಪಟ್ಟಿಯಿಂದಲೇ ಹೋಗುತ್ತದೆ. ಮಿಕ್ಕ ಹಣವನ್ನು ನೀರು, ಬಿಸಿ, ಕರೆಂಟುಗಳಿಗೆ ಇಡಬಹುದು.

ಇನ್ನು ತೂಕ. ತೊಟ್ಟಿಯಲ್ಲಿ 42 ಸೆಂಟಿಮೀಟರ್‌ವರೆಗೆ ನೀರು ತುಂಬಿದರೆ, ಕಲ್ಲು ಮರಳುಗಳು ತಿನ್ನುವ ಜಾಗ ಕಳೆದು ಸುಮಾರು 170 ಲೀಟರ್ ನಿಲ್ಲುತ್ತದೆ. ಇದರ ಕೆಳಗೆ ಇನ್ನೊಂದು ತೊಟ್ಟಿ ಇರುತ್ತದೆ, ಅದರ ಕೆಲಸ ಮುಂದೆ ಹೇಳುತ್ತೇನೆ, ಆ ಎರಡನೆಯದರಲ್ಲಿ 50 ಲೀಟರ್. ಕಡಲ ನೀರು ಸಿಹಿನೀರಿಗಿಂತ ಸ್ವಲ್ಪ ಭಾರವಾದ್ದರಿಂದ ಈ 220 ಲೀಟರಿನ ತೂಕ 225 ಕಿಲೋ. 10 ಮಿಲಿಮೀಟರ್ ದಪ್ಪದ ಗಾಜು 43 ಕಿಲೋ, ಕೆಳತೊಟ್ಟಿಯ ಗಾಜು 20, ಕಲ್ಲು 20, ಮರಳು 20, ಸ್ಟ್ಯಾಂಡು 50, ಆವಿಯಾದದ್ದನ್ನು ತುಂಬಲು ಪಕ್ಕದಲ್ಲಿಡುವ ನೀರಿನ ಡಬ್ಬ 20. ಒಟ್ಟು 400 ಕಿಲೋ. ಆರು ಜನ ವಯಸ್ಕರು ಅರ್ಧ ಚದರ ಮೀಟರಿನಲ್ಲಿ ಒತ್ತಿಕೊಂಡು ವರ್ಷಗಟ್ಟಲೆ ನಿಂತಂತೆ. ವಾಸದ ಕೋಣೆಗಳಿಗೆ ಭಾರತೀಯ ಮಾನಕ ಐಎಸ್ 875 ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಆ ಅಂಕಿ ಇಡೀ ಕೋಣೆಗೆ ಹರಡಿದ ಭಾರದ್ದಾದ್ದರಿಂದ ನಮ್ಮ ತೊಟ್ಟಿಯಿಂದ ಮಹಡಿ ಕುಸಿಯುತ್ತದೆ ಎಂದರ್ಥವಲ್ಲ. ಆದರೆ ಕೋಣೆಯ ನಡುವೆ ಇಡದೆ ತೊಲೆಯ ಮೇಲೆ, ಗೋಡೆಗೆ ಹತ್ತಿಸಿ ಇಡಬೇಕು, ಕಟ್ಟಡ ಹಳೆಯದಾಗಿದ್ದರೆ ಎಂಜಿನಿಯರ್ ಒಬ್ಬರನ್ನು ಕೇಳಬೇಕು. ಇದಕ್ಕಿಂತ ಚಿಕ್ಕ ತೊಟ್ಟಿ ಅಗ್ಗ ಎಂದು 50 ಲೀಟರಿನದನ್ನು ತೆಗೆದುಕೊಳ್ಳುವವರಿದ್ದಾರೆ. ನೀರು ಕಡಿಮೆಯಾದಷ್ಟೂ ಬಿಸಿಯೂ ಉಪ್ಪೂ ಬೇಗ ಏರಿಳಿಯುತ್ತವೆ, ಆದ್ದರಿಂದ ಚಿಕ್ಕ ತೊಟ್ಟಿ ಪಳಗಿದ ಕೈಗೆ ಸರಿಯೇ ಹೊರತು ಮೊದಲ ಕೈಗೆ ಅಲ್ಲ.

ಕೆಳಗಿನ ಆ ಎರಡನೆಯ ತೊಟ್ಟಿಯನ್ನು ಸಂಪ್ ಎನ್ನುತ್ತಾರೆ. ಅಂಗಳದಲ್ಲಿ ನೆಲದೊಳಗೆ ಕಟ್ಟಿಸುವ ನಮ್ಮ ನೀರಿನ ಸಂಪಿಗೂ ಇದಕ್ಕೂ ಹೆಸರಿನ ಸಂಬಂಧ ಮಾತ್ರ. ಮೇಲಿನ ತೊಟ್ಟಿಯ ಅಂಚಿನಿಂದ ತುಳುಕಿದ ನೀರು ಕೊಳವೆಯಲ್ಲಿ ಸಂಪಿಗೆ ಇಳಿಯುತ್ತದೆ, ಅಲ್ಲಿಂದ ಪಂಪು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಹೀಟರು, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರು ಮುಂತಾದ ಕುರೂಪಿ ಸಾಮಾನುಗಳೆಲ್ಲ ಅದರಲ್ಲಿ ಅಡಗುತ್ತವೆ, ನೀರಿನ ಒಟ್ಟು ಪ್ರಮಾಣವೂ ಹೆಚ್ಚುತ್ತದೆ. ಇದರ ಅಳತೆ ನಿರ್ಧಾರವಾಗಬೇಕಾದದ್ದು ಕರೆಂಟು ಹೋದಾಗ ಏನಾಗುತ್ತದೆ ಎಂಬುದರಿಂದ. ಪಂಪು ನಿಂತ ಕ್ಷಣ, ನೀರು ಮೇಲೆ ಬೀಳುವ ಕೊಳವೆಯ ಬಾಯಿ ನೀರಿನಲ್ಲಿ ಎಷ್ಟು ಮುಳುಗಿದೆಯೋ ಅಷ್ಟು ನೀರು ಹಿಂದಕ್ಕೆ ಎಳೆದುಕೊಂಡು ಕೆಳಗೆ ಸುರಿಯುತ್ತದೆ. ನಮ್ಮ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ ನಾಲ್ಕೂವರೆ ಲೀಟರ್. ಬಾಯಿ 4 ಸೆಂಟಿಮೀಟರ್ ಮುಳುಗಿದ್ದರೆ 18 ಲೀಟರ್, ಅಂಚಿನ ಮೇಲೆ ಹರಿಯುತ್ತಿದ್ದ ತೆಳು ಪದರದ್ದು ನಾಲ್ಕು, ಕೊಳವೆಗಳಲ್ಲಿದ್ದದ್ದು ಎರಡು, ಒಟ್ಟು 24 ಲೀಟರ್. 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ ಸಂಪಿನಲ್ಲಿ ಇಷ್ಟು ನೀರು 10 ಸೆಂಟಿಮೀಟರ್ ಏರುತ್ತದೆ. ಅಲ್ಲಿ ಮಾಮೂಲಿ ನೀರಿನ ಮಟ್ಟ 22 ಸೆಂಟಿಮೀಟರ್ ಇದ್ದರೆ 32ಕ್ಕೆ ಬಂದು ನಿಲ್ಲುತ್ತದೆ, ಭಯವಿಲ್ಲ. 32 ಇದ್ದರೆ ಉಳಿದದ್ದು ನೆಲಕ್ಕೆ.

ಈ ಲೆಕ್ಕ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಮೊದಲ ತೊಟ್ಟಿಯ ಸಂಪನ್ನು, ನೀರು ಜಾಸ್ತಿಯಿದ್ದಷ್ಟೂ ಒಳ್ಳೆಯದು ಎಂಬ ಹುಮ್ಮಸ್ಸಿನಲ್ಲಿ ಅಂಚಿನವರೆಗೆ ತುಂಬಿಸಿದ್ದೆ. ಜೂನ್ ತಿಂಗಳ ಒಂದು ರಾತ್ರಿ ಗುಡುಗಿನೊಂದಿಗೆ ಕರೆಂಟು ಹೋಯಿತು. ಕಾಲಿಗೆ ತಣ್ಣಗೆ ತಾಗಿದಾಗ ಕಿಟಕಿಯಿಂದ ಮಳೆನೀರು ಬಂದಿದೆ ಎಂದುಕೊಂಡೆ. ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದ ಮೇಲೆ ಗೊತ್ತಾಯಿತು. ಕೆಳಮನೆಯವರು ಬೆಳಗ್ಗೆ ತಮ್ಮ ಚಾವಣಿಯ ಬಿಳಿ ಕಲೆಯನ್ನು ತೋರಿಸಿದಾಗ ಏನೂ ಅನ್ನಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು.

ನೀರಿನ ವಿಷಯಕ್ಕೆ ಬಂದರೆ, ಬೆಂಗಳೂರಿನ ಮನೆಗಳಿಗೆ ಬರುವುದು ಕ್ಲೋರಿನ್ ಹಾಕಿದ ಕಾವೇರಿ ನೀರು, ಇಲ್ಲವೇ ಬೋರ್‌ವೆಲ್ಲಿನ ಗಡಸು ನೀರು, ಇಲ್ಲವೇ ಎಲ್ಲಿಯದೆಂದು ಹೇಳಲಾಗದ ಟ್ಯಾಂಕರ್ ನೀರು. ಇದರಲ್ಲಿ ಉಪ್ಪು ಕಲಸಿದರೆ ಕಡಲ ನೀರಾಗುವುದಿಲ್ಲ. ತೊಟ್ಟಿಯಿಂದ ದಿನಕ್ಕೆ ಸುಮಾರು 4 ಲೀಟರ್ ನೀರು ಆವಿಯಾಗುತ್ತದೆ, ಅಷ್ಟನ್ನು ಮತ್ತೆ ತುಂಬಿಸುತ್ತೇವೆ. ಆವಿಯಾಗುವುದು ಬರೀ ನೀರು, ಅದರಲ್ಲಿ ಕರಗಿದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಲೀಟರಿಗೆ 800 ಮಿಲಿಗ್ರಾಂ ಕರಗಿದ ವಸ್ತುವಿರುವ ಬೋರ್‌ವೆಲ್ ನೀರನ್ನು ವರ್ಷವಿಡೀ ಹೀಗೆ ತುಂಬಿಸಿದರೆ, 220 ಲೀಟರ್ ನೀರಿಗೆ ಒಂದು ಕಿಲೋಗಿಂತ ಹೆಚ್ಚು ಬೇಡದ ಲವಣ ಸೇರಿಸಿದಂತಾಗುತ್ತದೆ. ಆದ್ದರಿಂದ ಮೊದಲ ಉಪಕರಣ ಆರ್‌ಒ ಯಂತ್ರ, ಅದರ ಮುಂದೆ ಉಳಿದ ಅಯಾನುಗಳನ್ನು ಹೀರುವ ರಾಳದ ಡಬ್ಬ, ಕೊನೆಗೆ ನೀರಿನಲ್ಲಿ ಕರಗಿದ ವಸ್ತುವನ್ನು ಅಳೆಯುವ ಟಿಡಿಎಸ್ ಮೀಟರು. ಮೀಟರು ಸೊನ್ನೆ ತೋರಿಸಬೇಕು.

ಅಡುಗೆಮನೆಯ ಆರ್‌ಒ ಇದೆಯಲ್ಲ, ಅದರ ನೀರೇ ಸಾಲದೇ ಎಂಬ ಪ್ರಶ್ನೆ ಸಹಜ. ಕುಡಿಯುವ ನೀರು ಸಪ್ಪೆಯಾಗದಿರಲೆಂದು ಹೆಚ್ಚಿನ ಯಂತ್ರಗಳಲ್ಲಿ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ, ಕೆಲವದರಲ್ಲಿ ಶುದ್ಧವಾಗದ ನೀರನ್ನೇ ಸ್ವಲ್ಪ ಬೆರೆಸುವ ತಿರುಪು ಇರುತ್ತದೆ. ನಮಗೆ ಬೇಕಾದದ್ದು ಆ ಎರಡಕ್ಕೂ ಮೊದಲು, ಪೊರೆಯಿಂದ ನೇರವಾಗಿ ಬರುವ ನೀರು. ರಿಪೇರಿಯವರಿಂದ ಅಲ್ಲಿ ಒಂದು ಕವಲು ಹಾಕಿಸಿ, ಮುಂದೆ ರಾಳದ ಡಬ್ಬ ಜೋಡಿಸಿದರೆ ಬೇರೆ ಯಂತ್ರ ಕೊಳ್ಳಬೇಕಾಗಿಲ್ಲ. ವಾರಕ್ಕೆ ಆವಿಯ ಲೆಕ್ಕ 28 ಲೀಟರ್, ನೀರು ಬದಲಿಸಲು 20 ಲೀಟರ್, ಹೆಚ್ಚುಕಡಿಮೆ 50 ಲೀಟರ್ ಬೇಕು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಗೆ ಹೋಗುವ ಯಂತ್ರವಾದರೆ ವಾರಕ್ಕೆ 150 ಲೀಟರ್ ವ್ಯರ್ಥವಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಬಡಾವಣೆಯಲ್ಲಿ ಅದನ್ನು ಒಂದು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವ ವ್ಯವಸ್ಥೆಯೂ ಯೋಜನೆಯ ಭಾಗವೇ. ಕರಾವಳಿಯವರು ಕಡಲ ನೀರನ್ನೇ ತರಬಾರದೇ ಎಂದು ಕೇಳುತ್ತಾರೆ. ಮಳೆಗಾಲದಲ್ಲಿ ನದಿಗಳು ತುಂಬಿ ಬಂದು ದಡದ ನೀರು ಸಪ್ಪೆಯಾಗುತ್ತದೆ, ಬಂದರಿನ ಆಸುಪಾಸಿನಲ್ಲಿ ಎಣ್ಣೆಯಿರುತ್ತದೆ. ವರ್ಷವಿಡೀ ಒಂದೇ ತರಹದ ನೀರು ಸಿಗಬೇಕಾದರೆ ಉಪ್ಪಿನ ಪುಡಿಯೇ ಅನುಕೂಲ.

ಆ ಪುಡಿ ಅಡುಗೆಯ ಉಪ್ಪಲ್ಲ. ಸೋಡಿಯಂ ಕ್ಲೋರೈಡಿನ ಜೊತೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟುಗಳನ್ನು ಕಡಲಿನ ಪ್ರಮಾಣದಲ್ಲಿ ಸೇರಿಸಿದ ಮಿಶ್ರಣ. ಲೀಟರಿಗೆ ಸುಮಾರು 38 ಗ್ರಾಂ, ಅಂದರೆ ಮೊದಲ ಬಾರಿಗೆ ಎಂಟೂವರೆ ಕಿಲೋ ಬೇಕು. ಗುರಿ ಸಾವಿರಕ್ಕೆ 35 ಭಾಗ ಉಪ್ಪು, ಸಾಪೇಕ್ಷ ಸಾಂದ್ರತೆ 1.026. ಇದನ್ನು ಅಳೆಯಲು ತೇಲುವ ಪ್ಲಾಸ್ಟಿಕ್ ಮುಳ್ಳಿನ ಅಳತೆಗಿಂತ ರಿಫ್ರಾಕ್ಟೋಮೀಟರ್ ಎಂಬ ಕೈದೂರದರ್ಶಕದಂಥ ಸಾಧನ ವಾಸಿ. ಅದನ್ನು ಸರಿಹೊಂದಿಸುವಾಗ ಶುದ್ಧ ನೀರಿನ ಸೊನ್ನೆಯನ್ನು ನಂಬದೆ, 35ರ ಅಳತೆಗೆಂದೇ ಸಿಗುವ ದ್ರಾವಣವನ್ನು ಬಳಸಬೇಕು. ಸೊನ್ನೆಯಲ್ಲಿ ಸರಿಯಿದ್ದ ತಕ್ಕಡಿ ಕಿಲೋದಲ್ಲಿ ತಪ್ಪುವಂತೆ ಇದೂ ತಪ್ಪಬಲ್ಲದು. ಮುಂದಿನದು ಆವಿಯಾದಷ್ಟು ಸಿಹಿನೀರನ್ನು ತಾನಾಗಿ ತುಂಬುವ ಟಾಪ್-ಆಫ್ ಯಂತ್ರ: ಸಂಪಿನಲ್ಲಿ ಒಂದು ಸಂವೇದಕ, ಪಕ್ಕದ ಡಬ್ಬದಲ್ಲಿ ಚಿಕ್ಕ ಪಂಪು. ನಾಲ್ಕು ದಿನ ಯಾರೂ ನೀರು ಹಾಕದಿದ್ದರೆ 16 ಲೀಟರ್ ಹೋಗಿ ಉಪ್ಪು 35ರಿಂದ 37.7ಕ್ಕೆ ಏರುತ್ತದೆ, ಊರಿನ ಜಾತ್ರೆ ಮುಗಿಸಿ ಬಂದವರು ಒಮ್ಮೆಲೇ 16 ಲೀಟರ್ ಸಿಹಿನೀರು ಸುರಿದು ಅದನ್ನು ಇಳಿಸಿದಾಗ ಹವಳ ಮುದುಡಿಕೊಳ್ಳುತ್ತದೆ. ನನ್ನ ಮಟ್ಟಿಗೆ ಲೈಟಿಗಿಂತ ಮೊದಲು ಕೊಳ್ಳಬೇಕಾದ ಯಂತ್ರ ಇದು. ಡಬ್ಬ ಮಾತ್ರ 20 ಲೀಟರಿಗಿಂತ ದೊಡ್ಡದು ಬೇಡ. ಸಂವೇದಕ ಕೆಟ್ಟು ಪಂಪು ನಿಲ್ಲದೇ ಹೋದರೂ ಅದರಲ್ಲಿದ್ದಷ್ಟೇ ನೀರು ಬೀಳುತ್ತದೆ, ಸಂಪಿನಲ್ಲಿ ಅಷ್ಟಕ್ಕೆ ಜಾಗವಿದೆ.

ಬಿಸಿಯ ಲೆಕ್ಕ ಇಡೀ ಯೋಜನೆಯಲ್ಲಿ ಅತ್ಯಂತ ಸ್ವಾರಸ್ಯದ್ದು. ನೀರು 25ರಿಂದ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಬೇಕು. ನೀರಿಗೆ ತಾಗಿ ನಡೆಯುವ ಯಂತ್ರಗಳ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಬಿಸಿಯಾಗಿ ನೀರಿಗೇ ಸೇರುತ್ತದೆ: ಮೇಲಕ್ಕೆ ಕಳಿಸುವ ಪಂಪು 20 ವ್ಯಾಟ್, ಸ್ಕಿಮ್ಮರ್ 10, ತೊಟ್ಟಿಯೊಳಗೆ ನೀರು ಕಲಕುವ ಎರಡು ವೇವ್‌ಮೇಕರ್ 16, ಒಟ್ಟು 46 ವ್ಯಾಟ್ ಹಗಲಿರುಳೂ, 90 ವ್ಯಾಟಿನ ಲೈಟು ದಿನಕ್ಕೆ 9 ತಾಸು ಉರಿದರೆ ಸರಾಸರಿ 34 ವ್ಯಾಟ್. ಲೈಟಿನ ಬಿಸಿಯೆಲ್ಲ ನೀರಿಗೇ ಇಳಿಯಿತು ಎಂದು ಕಠಿಣವಾಗಿ ಹಿಡಿದರೂ ಒಟ್ಟು 80 ವ್ಯಾಟ್. ಇನ್ನೊಂದು ಕಡೆ, ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,430 ಕಿಲೋಜೌಲ್ ಶಾಖವನ್ನು ಹೊತ್ತೊಯ್ಯುತ್ತದೆ. ದಿನಕ್ಕೆ 4 ಲೀಟರ್ ಆವಿಯಾದರೆ ಅದು 113 ವ್ಯಾಟಿನಷ್ಟು ತಂಪು. ಅಂದರೆ ನೀರಿನ ಮೇಲೆ ಗಾಳಿ ಬೀಸುವ ಎರಡು ಚಿಕ್ಕ ಫ್ಯಾನುಗಳು, ಕಂಪ್ಯೂಟರಿನೊಳಗೆ ಇರುವಂಥವು, ಯಂತ್ರಗಳ ಬಿಸಿಯನ್ನೆಲ್ಲ ತೀರಿಸಿ ಇನ್ನೂ 30 ವ್ಯಾಟ್ ಉಳಿಸುತ್ತವೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಅದೇ ಮರ್ಮ.

ಹೂಜಿಯ ಮರ್ಮಕ್ಕೆ ಹೂಜಿಯದೇ ಮಿತಿ. ಗಾಳಿಯಲ್ಲಿ ತೇವವಿದ್ದಷ್ಟೂ ಆವಿ ಕಡಿಮೆ, ತಂಪೂ ಕಡಿಮೆ. ಏಪ್ರಿಲ್‌ನ ಬೆಂಗಳೂರಿನಲ್ಲಿ ಕೋಣೆ 32 ಡಿಗ್ರಿ ಇದ್ದು ಆರ್ದ್ರತೆ ಶೇಕಡಾ 35 ಇದ್ದರೆ, ಆವಿಯಿಂದ ನೀರು ತಾತ್ತ್ವಿಕವಾಗಿ 21 ಡಿಗ್ರಿಯವರೆಗೆ ಇಳಿಯಬಲ್ಲದು. ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದಾರಿ ಹೋದರೂ ನಮಗೆ ಸಾಕು. ಮಂಗಳೂರಿನಲ್ಲಿ ಅದೇ 32 ಡಿಗ್ರಿಗೆ ಆರ್ದ್ರತೆ 75 ಇದ್ದರೆ ಆ ತಳಮಿತಿಯೇ 28 ಡಿಗ್ರಿ. ಅಲ್ಲಿ ಫ್ಯಾನು ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಫ್ರಿಜ್ಜಿನಂತೆ ನೀರನ್ನು ತಣಿಸುವ ಚಿಲ್ಲರ್ ಬೇಕೇ ಬೇಕು. ಬೆಂಗಳೂರಿನಲ್ಲಿ ನಾನು ಒಂದು ಬೇಸಿಗೆ ಫ್ಯಾನಿನಲ್ಲೇ ನೋಡಿ, ದಿನವೂ ಮಧ್ಯಾಹ್ನ ಮೂರು ಗಂಟೆಯ ಬಿಸಿಯನ್ನು ಬರೆದಿಟ್ಟು, ಆಮೇಲೆ ಚಿಲ್ಲರ್ ಬೇಕೋ ಬೇಡವೋ ನಿರ್ಧರಿಸಿ ಎನ್ನುತ್ತೇನೆ. ಕೊಂಡರೆ ಅದನ್ನು ಸ್ಟ್ಯಾಂಡಿನ ಕಪಾಟಿನೊಳಗೆ ಮುಚ್ಚಿಡಬಾರದು, ಏಕೆಂದರೆ ನೀರಿನಿಂದ ತೆಗೆದ ಬಿಸಿಯನ್ನು ಅದು ಹೊರಗೆ ಉಗುಳಲೇಬೇಕು. ಹೀಟರ್ ಕೂಡ ಬೇಕು. ಡಿಸೆಂಬರಿನ ರಾತ್ರಿ ಬೆಂಗಳೂರು 15 ಡಿಗ್ರಿಗೆ ಇಳಿಯುವ ಊರು. 300 ವ್ಯಾಟಿನ ಒಂದಕ್ಕಿಂತ 100 ವ್ಯಾಟಿನ ಎರಡು ಒಳ್ಳೆಯದು. ಹೀಟರಿನ ಸ್ವಿಚ್ಚು ಕೆಟ್ಟು ಉರಿಯುತ್ತಲೇ ಉಳಿಯುವುದು ಮಾಮೂಲಿ ದೋಷ. 300 ವ್ಯಾಟಿನದು ಹಾಗಾದರೆ ನಮ್ಮ ನೀರು ತಾಸಿಗೆ ಒಂದು ಡಿಗ್ರಿಗಿಂತ ಹೆಚ್ಚು ಏರುತ್ತದೆ, ಬೆಳಗಾಗುವಷ್ಟರಲ್ಲಿ ಎಲ್ಲ ಬೆಂದಿರುತ್ತದೆ. 100 ವ್ಯಾಟಿನದು ತಾಸಿಗೆ ಅರ್ಧ ಡಿಗ್ರಿಯೂ ಏರಿಸಲಾರದು, ನಾವು ಎಚ್ಚೆತ್ತುಕೊಳ್ಳಲು ಸಮಯವಿರುತ್ತದೆ.

ಕರೆಂಟು ಹೋದಾಗ ಮೀನು ಸಾಯುವುದು ಆಮ್ಲಜನಕವಿಲ್ಲದೆ. 26 ಡಿಗ್ರಿಯ ಕಡಲ ನೀರು ಲೀಟರಿಗೆ ಹೆಚ್ಚೆಂದರೆ ಆರೂವರೆ ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, ಅದೇ ಬಿಸಿಯ ಸಿಹಿನೀರು ಎಂಟು. ಮೇಲ್ಮೈ ಕಲಕದೆ ನಿಂತರೆ ಅದು ಬೇಗ ತೀರುತ್ತದೆ. ಮನೆಯ ಇನ್ವರ್ಟರಿಗೆ ಒಂದು ವೇವ್‌ಮೇಕರ್ ಮತ್ತು ನೀರನ್ನು ಮೇಲಕ್ಕೆ ಕಳಿಸುವ ಪಂಪನ್ನು ಸೇರಿಸಿದರೆ ಸಾಕು. 12 ವೋಲ್ಟ್, 150 ಆಂಪಿಯರ್-ಅವರಿನ ಬ್ಯಾಟರಿಯಿಂದ ನಷ್ಟಗಳೆಲ್ಲ ಕಳೆದು 1,000 ವ್ಯಾಟ್-ಅವರ್ ಸಿಗುತ್ತದೆ ಎಂದುಕೊಂಡರೂ 28 ವ್ಯಾಟಿನ ಈ ಜೋಡಿ, ಮನೆಯ ದೀಪ ಫ್ಯಾನುಗಳ ಜೊತೆ ಹಂಚಿಕೊಂಡೇ, ರಾತ್ರಿ ಕಳೆಯುತ್ತದೆ. ಹೀಟರು, ಚಿಲ್ಲರು, ತೊಟ್ಟಿಯ ಲೈಟುಗಳನ್ನು ಆ ಸಾಲಿಗೆ ಸೇರಿಸಬಾರದು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಸಾದಾ ಪಂಪುಗಳು ಗುಂಯ್ಯೆಂದು ಬಿಸಿಯಾಗುತ್ತವೆ. ಸೈನ್ ವೇವ್ ಇರಬೇಕು, ಇಲ್ಲವೇ ಅಡಾಪ್ಟರಿನಲ್ಲಿ ನಡೆಯುವ ಡಿಸಿ ಪಂಪು ಕೊಳ್ಳಬೇಕು.

ನೀರಿನ ಹರಿವಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮೃದು ಹವಳಕ್ಕೆ ತಾಸಿಗೆ ತೊಟ್ಟಿಯ ನೀರಿನ 15ರಿಂದ 20 ಪಟ್ಟು ಚಲನೆ ಸಾಕು. ಎದುರುಬದುರಾಗಿ ಇಟ್ಟ ಎರಡು ವೇವ್‌ಮೇಕರ್‌ಗಳು ಸರದಿಯಲ್ಲಿ ನಡೆದರೆ ನೀರು ಒಂದೇ ದಿಕ್ಕಿಗೆ ಹರಿಯದೆ ಹೊಯ್ದಾಡುತ್ತದೆ. ಸಂಪಿನಿಂದ ಬರುವ ಹರಿವು ತಾಸಿಗೆ 500ರಿಂದ 900 ಲೀಟರ್ ಇರಲಿ. ಪಂಪಿನ ಡಬ್ಬದ ಮೇಲಿನ ಅಂಕಿ ಎತ್ತರವೇ ಇಲ್ಲದಾಗಿನದು. 2 ಮೀಟರಿನವರೆಗೆ ಎತ್ತಬಲ್ಲ 2,000 ಲೀಟರಿನ ಪಂಪು 1.2 ಮೀಟರ್ ಎತ್ತರಕ್ಕೆ ಕೊಡುವುದು 800 ಲೀಟರಿನ ಆಸುಪಾಸು.

ಶುದ್ಧೀಕರಣದ ಮುಖ್ಯ ಯಂತ್ರಕ್ಕೆ ವೈರು ಇಲ್ಲ. ತೂತುತೂತಾದ ಕಲ್ಲಿನ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಮೀನಿನ ವಿಸರ್ಜನೆಯ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಮೊದಲಿನ ಎರಡು ವಿಷ, ಮೂರನೆಯದು ಅಷ್ಟಲ್ಲ. ಕಡಲಿನಿಂದ ಕಿತ್ತ ಕಲ್ಲಿಗೆ ಹೇಳಿದ ಕಾನೂನೇ ಅಡ್ಡ ಬರುವುದರಿಂದ, ಕೈಯಿಂದ ಮಾಡಿದ ಸಿಮೆಂಟು ಅಥವಾ ಸೆರಾಮಿಕ್ ಕಲ್ಲು ಬಳಸಿ, ಬ್ಯಾಕ್ಟೀರಿಯಾಗಳನ್ನು ಬಾಟಲಿಯಿಂದ ಹಾಕಿ ಬೆಳೆಸಬೇಕು. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಹಾಕಿದರೆ ಒಂದು ದಿನದೊಳಗೆ ಅದೂ ನೈಟ್ರೈಟೂ ಸೊನ್ನೆಗೆ ಬರುವವರೆಗೆ ಒಂದು ಮೀನನ್ನೂ ಬಿಡಬಾರದು. ಇದರ ಜೊತೆಗಾರ ಪ್ರೋಟೀನ್ ಸ್ಕಿಮ್ಮರ್. ಮಳೆಗಾಲದಲ್ಲಿ ಕಡಲ ದಡಕ್ಕೆ ಬಂದು ಬೀಳುವ ಕಂದು ನೊರೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗದೆ ಸಣ್ಣಗೇ ಉಳಿಯುತ್ತವೆ, ಅವುಗಳ ಮೈಗೆ ಜೈವಿಕ ಕೊಳೆ ಅಂಟಿಕೊಂಡು ನೊರೆಯಾಗಿ ಮೇಲೇರುತ್ತದೆ, ಯಂತ್ರ ಅದನ್ನು ಒಂದು ಬಟ್ಟಲಿನಲ್ಲಿ ಹಿಡಿಯುತ್ತದೆ. ಕೊಳೆ ಕೊಳೆತು ಅಮೋನಿಯಾ ಆಗುವ ಮೊದಲೇ ಹೊರಗೆ ಹೋಗುತ್ತದೆ, ನೀರಿಗೆ ಗಾಳಿಯೂ ಸಿಗುತ್ತದೆ.

ಲೈಟಿಗೆ ಈಗ ಬರಬಹುದು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ, ಅವು ಬೆಳಕಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತವೆ. ನಾವು ಬೆಳಕು ಕೊಡುವುದು ಈ ಪಾಚಿಗೆ. ಆಳದ ನೀರಿಗೆ ಇಳಿಯುವುದು ನೀಲಿ ಬೆಳಕಾದ್ದರಿಂದ 400ರಿಂದ 480 ನ್ಯಾನೋಮೀಟರ್ ಅಲೆಯುದ್ದ ಹೆಚ್ಚಿರುವ ಎಲ್‌ಇಡಿ ಬೇಕು. ಸಸ್ಯಕ್ಕೆ ಸಲ್ಲುವ ಬೆಳಕಿನ ಅಳತೆಯಾದ ಪಾರ್‌ನಲ್ಲಿ ಹೇಳಿದರೆ ಮೃದು ಹವಳಕ್ಕೆ 50ರಿಂದ 150 ಸಾಕು. ಕೊಂಬೆಗಳ ಗಟ್ಟಿ ಹವಳಕ್ಕೆ 200ರಿಂದ 350 ಬೇಕಾಗುತ್ತಿತ್ತು. 90 ವ್ಯಾಟಿನ, ಮಂದ ಮಾಡಬಹುದಾದ ಒಂದು ಲೈಟು ನಮ್ಮ ತೊಟ್ಟಿಗೆ ಧಾರಾಳ. ಮೂರನೆಯ ಒಂದು ಭಾಗದ ಶಕ್ತಿಯಲ್ಲಿ ಆರಂಭಿಸಿ ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಹೊಸಬರು ಹವಳವನ್ನು ಸುಟ್ಟದ್ದೇ ಹೆಚ್ಚು, ಕತ್ತಲಲ್ಲಿ ಇಟ್ಟದ್ದು ಕಡಿಮೆ. ಚಿಲ್ಲರ್ ಇಲ್ಲದೆ, ಹೀಟರಿನ ಚಳಿಗಾಲದ ಖರ್ಚು ಬಿಟ್ಟರೆ, ಲೈಟೂ ಪಂಪುಗಳೂ ಸೇರಿ ದಿನಕ್ಕೆ ಎರಡು ಯೂನಿಟಿನ ಒಳಗೇ ಮುಗಿಯುತ್ತದೆ.

ಪರೀಕ್ಷೆಗೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಫಾಸ್ಫೇಟ್, ಕ್ಷಾರತೆಯ ಕಿಟ್‌ಗಳು ಸಾಕು. ಯುವಿ ದೀಪ, ಓಜೋನ್, ಮೊಬೈಲಿನಿಂದ ಎಲ್ಲವನ್ನೂ ಆಡಿಸುವ ಕಂಟ್ರೋಲರ್ ಇವನ್ನೆಲ್ಲ ಮೊದಲ ವರ್ಷ ಮುಟ್ಟಬೇಡಿ. ಮುಟ್ಟಲೇಬೇಕಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ತಾನಾಗಿ ಆರುವ ಸ್ವಿಚ್ಚು. ಉಪ್ಪುನೀರಿನ ಹನಿ ವೈರಿನ ಗುಂಟ ಹರಿದು ಪ್ಲಗ್ಗಿಗೆ ಸೇರುತ್ತದೆ, ಒಣಗಿ ಬಿಳಿಯಾಗಿ ಕಟ್ಟುತ್ತದೆ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಬೇಕು, ಹನಿ ಅಲ್ಲೇ ತೊಟ್ಟಿಕ್ಕಲಿ. ಕಬ್ಬಿಣದ ಸ್ಟ್ಯಾಂಡಿಗೆ ಪೌಡರ್ ಕೋಟಿಂಗ್ ಇಲ್ಲದಿದ್ದರೆ ಬೇಗನೆ ತುಕ್ಕು ಹಿಡಿಯುತ್ತದೆ. ಮತ್ತೊಂದು ಎಚ್ಚರಿಕೆ: ಕೆಲವು ಜೋವಾಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ, ಆದ್ದರಿಂದ ಕೈಗವಸು ಮತ್ತು ಕನ್ನಡಕವೂ ಉಪಕರಣಗಳೇ, ಅವು ಹತ್ತಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದಾಗಲಿ ಬ್ರಷ್ಷಿನಿಂದ ಉಜ್ಜುವುದಾಗಲಿ ಕೂಡದು.

ಎಲ್ಲ ಬಂದು ಜೋಡಿಸಿದ ಮೇಲೆ ಉಪ್ಪಿನ ಚೀಲ ಬಿಚ್ಚುವ ಮೊದಲು ನಲ್ಲಿಯ ನೀರನ್ನೇ ತುಂಬಿ ಎರಡು ದಿನ ನಡೆಸಬೇಕು. ಪಂಪು ಓಡುತ್ತಿರುವಾಗ ಸಂಪಿನ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಆಮೇಲೆ ಮೇನ್ ಸ್ವಿಚ್ ಆರಿಸಿ, ನೆಲಕ್ಕೆ ಹಳೆಯ ಬಟ್ಟೆ ಹಾಸಿ ಕಾಲು ತಾಸು ಕಾಯಿರಿ. ನೀರು ಏರಿ ನಿಂತ ಮಟ್ಟಕ್ಕೆ ಇನ್ನೊಂದು ಗೆರೆ. ಎರಡನೆಯ ಗೆರೆಗೂ ಅಂಚಿಗೂ ನಡುವೆ ಒಂದು ಅಂಗೈ ಅಗಲ ಉಳಿಯದಿದ್ದರೆ ಮೇಲಿನ ಕೊಳವೆಯ ಬಾಯಿಯನ್ನು ಎತ್ತರಿಸಿ, ಮತ್ತೆ ಸ್ವಿಚ್ ಆರಿಸಿ ನೋಡಿ.